ಅಪ್ಪನ ಕೋಟಿನ ಬ್ರಶ್

ಒಟ್ಮಾರ್ ಏಣಿಯ ತುದಿಯಲ್ಲಿ ನಿಂತು ತೊಲೆಗೆ ಕಟ್ಟಿದ್ದ ದಾರವನ್ನು ಕತ್ತರಿಸಿದ. ತಲೆಕೆಳಗಾಗಿ ತೂಗುತ್ತಿದ್ದ ಮೂಲಿಕೆಯ ಕಟ್ಟು ಅವನ ಎದೆಯ ಮೇಲೆ ಬಿತ್ತು. ಮೊದಲು ಧೂಳು ಕಣ್ಣಿಗೆ ಹೋಯಿತು. ಆಮೇಲೆ ಮೂಗಿಗೆ ನೆಲಮಾಳಿಗೆಯ ವಾಸನೆ ಬಡಿಯಿತು. ಅಟ್ಟದಲ್ಲಿ ಆ ವಾಸನೆಗೇನು ಕೆಲಸ?

“ಸಿಕ್ತಾ?” ಕೆಳಗಿನಿಂದ ಹೆಂಡತಿ ರೈನ್‌ಹಿಲ್ಡ ಕೂಗಿದಳು. “ಇನ್ನೇನು ಚರ್ಚಿನ ಗಂಟೆ ಹೊಡೀತಾರೆ, ಬೇಗ ಇಳಿ.”

ಅವನು ಕಟ್ಟನ್ನು ಗವಾಕ್ಷಿಯ ಬೆಳಕಿಗೆ ಹಿಡಿದು ಬೆರಳಿನಿಂದ ಬಿಡಿಸಿ ನೋಡಿದ. ಹೊರಗೆಲ್ಲ ಸರಿಯಾಗಿಯೇ ಇತ್ತು. ಕ್ಯಾಮೊಮೈಲ್, ಪುದೀನ, ಮಾಚಿಪತ್ರೆ, ನಾಲ್ಕು ಗೋಧಿ ತೆನೆ. ನಡುವೆ ನಿಂತಿದ್ದ ದಪ್ಪ ಹೂಕೋಲಿನ ಸುತ್ತ ಮಾತ್ರ ಬೂದು ಬಣ್ಣದ ತುಪ್ಪಳ ಬೆಳೆದಿತ್ತು. ಮೇಲಿನ ಹೆಂಚು ಸೀಳಿತ್ತು. ಚಳಿಗಾಲವಿಡೀ ಹನಿ ಬಿದ್ದಿರಬೇಕು.

ಅಡಿಗೆಮನೆಗೆ ತಂದು ಮೇಜಿನ ಮೇಲಿಟ್ಟ. “ಬೂಷ್ಟು ಹಿಡಿದಿದೆ.”

“ಎಲ್ಲಿ ತೋರಿಸು.” ರೈನ್‌ಹಿಲ್ಡ ಬಗ್ಗಿ ನೋಡಿದಳು. “ಇಷ್ಟೇನಾ! ಒಳಗಡೆ ತಾನೆ. ಯಾರು ಬಿಚ್ಚಿ ನೋಡ್ತಾರೆ?”

“ಅಕ್ಕ ನೋಡ್ತಿದ್ಲು.”

“ಅವಳು ಶವಪೆಟ್ಟಿಗೆ ಒಳಗಿದಾಳೆ, ಒಟ್ಮಾರ್.”

ಆಗಸ್ಟಿನ ಮರಿಯಮ್ಮನ ಹಬ್ಬದಂದು ಪಾದ್ರಿಯ ಕೈಯಲ್ಲಿ ತೀರ್ಥ ಹಾಕಿಸಿಕೊಂಡು ಬಂದ ಕಟ್ಟು ಅದು. ನಮ್ಮೂರಿನ ಪ್ರತಿ ಮನೆಯ ಅಟ್ಟದಲ್ಲೂ ಒಂದೊಂದು ತೂಗುತ್ತದೆ. ಸಿಡಿಲು ಹೊಡೆಯುವಾಗ ಅದರದೊಂದು ಎಲೆ ಒಲೆಗೆ, ಹಸು ಕರು ಹಾಕಿದಾಗ ಒಂದು ಚಿಟಿಕೆ ಮೇವಿಗೆ. ಆ ಮನೆಯಲ್ಲಿ ಹುಟ್ಟಿದವರು ಸತ್ತರೆ ಇಡೀ ಕಟ್ಟು ಪೆಟ್ಟಿಗೆಯ ಜತೆ ಗುಂಡಿಗೆ. ಹುಟ್ಟಿದ ಮನೆಯದೇ ಆಗಬೇಕು, ಪಕ್ಕದ ಮನೆಯಿಂದ ಕಡ ತರುವಂತಿಲ್ಲ. ಕಟ್ಟಿಲ್ಲದೆ ಮಣ್ಣಿಗೆ ಹೋದವರನ್ನು ಮನೆಯವರು ಕ್ಷಮಿಸಿಲ್ಲ ಎಂದೇ ಊರು ತಿಳಿಯುತ್ತದೆ. ಒಟ್ಮಾರ್ ಅಕ್ಕನನ್ನು ಕ್ಷಮಿಸುತ್ತಾನೋ ಇಲ್ಲವೋ ನೋಡಲು ಊರೆಲ್ಲ ಇಂದು ಕರಿ ಕೋಟು ಹಾಕಿಕೊಂಡು ಕಾಯುತ್ತಿತ್ತು.

ರೈನ್‌ಹಿಲ್ಡ ಬಾಗಿಲ ಹಿಂದಿನ ಮೊಳೆಯಿಂದ ಕೋಟು ತಿಕ್ಕುವ ಬ್ರಶ್ ತೆಗೆದಳು. ಒಟ್ಮಾರನ ಅಪ್ಪನ ಕಾಲದ್ದು, ಕರಿ ಹಂದಿಕೂದಲಿನದು. ಕೂದಲು ಉದುರತೊಡಗಿದಾಗ ಮುದುಕ ಬುಡಕ್ಕೆಲ್ಲ ಕೆಂಪು ಅರಗು ಕಾಯಿಸಿ ಸುರಿದಿದ್ದ. ಆದರೂ ಉದುರುವುದು ನಿಂತಿರಲಿಲ್ಲ.

“ಆ ಬ್ರಶ್ ಬೇಡ,” ಎಂದ ಒಟ್ಮಾರ್.

“ಯಾಕೆ?”

“ಬೇಡ ಅಂದ್ನಲ್ಲ.”

“ಹಂಗಾದ್ರೆ ನಾಲಗೇಲಿ ನೆಕ್ಕಿ ತೆಗೀಲಾ?”

ಅವಳು ಹೂಕೋಲನ್ನು ಎಡಗೈಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಪುಟ್ಟ ಪುಟ್ಟ ಎಳೆತದಲ್ಲಿ ತಿಕ್ಕಿದಳು. ಕೈಗೆ ರೂಢಿಯಿದ್ದ ಕೆಲಸ. ಬೂದಿಯಂಥ ಪುಡಿ ಮೇಜಿನ ಮೇಲೆ ಉದುರಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಟ್ಟಿಗೆ ಹೊಸ ನೀಲಿ ಪಟ್ಟಿ ಸುತ್ತಿದಳು. “ನೋಡು. ಹೊಸದರ ಹಾಗಿದೆ.”

ಒಟ್ಮಾರ್ ನೋಡಲಿಲ್ಲ. ಒಂಬತ್ತು ವರ್ಷದ ಹಿಂದೆ ಒಣಗಿಸುವ ಮಾಳಿಗೆಯಲ್ಲಿ ಇದೇ ಹೆಂಡತಿ ಇದೇ ಬ್ರಶ್ಶಿನಲ್ಲಿ ಹೀಗೇ ತಿಕ್ಕಿದ್ದಳು, ಅವನು ಎದುರಿಗೆ ಕೂತು ಇನ್ನೊಂದು ಬ್ರಶ್ಶಿನಲ್ಲಿ ತಿಕ್ಕಿದ್ದ. ಆ ಶರತ್ಕಾಲ ಬರೀ ಜಡಿಮಳೆ. ಕೆಮ್ಮಿನ ಕಷಾಯಕ್ಕೆ ಹೋಗುವ ಐಬಿಶ್ ಬೇರು, ಇಡೀ ಊರಿನದು, ಅವನ ಮಾಳಿಗೆಯಲ್ಲೇ ಒಣಗುತ್ತಿತ್ತು. ಬಿಸಿಗಾಳಿಯ ಯಂತ್ರ ಕೆಟ್ಟು ನಿಂತಿದ್ದನ್ನು ಅವನು ತಡವಾಗಿ ನೋಡಿದ. ಒಂದು ಮೂಲೆಯ ಬೇರಿಗೆ ಬೂಷ್ಟು ಬಂದಿತ್ತು. ಆ ಮೂಲೆಯದನ್ನು ಸುಟ್ಟಿದ್ದರೆ ಹೋಗುತ್ತಿದ್ದುದು ಅವನೊಬ್ಬನ ಬೆಳೆ. ಸುಡಲು ಮನಸ್ಸು ಬರಲಿಲ್ಲ. ಗಂಡ ಹೆಂಡತಿ ತಿಕ್ಕಿ ಬೆಳ್ಳಗೆ ಮಾಡಿ, ಗೊತ್ತಾಗದಿರಲೆಂದು ಎಲ್ಲರ ಮೂಟೆಗೂ ಸ್ವಲ್ಪ ಸ್ವಲ್ಪ ಹಂಚಿದರು.

ಪಟ್ಟಣದ ಪರೀಕ್ಷಾಲಯದಲ್ಲಿ ಬೇರು ಸಿಕ್ಕಿಬಿತ್ತು. ಬೂಷ್ಟಿನ ವಿಷ ಮಿತಿ ಮೀರಿದೆ ಎಂದು ಬರೆದವಳು ಅಲ್ಲಿ ಕೆಲಸಕ್ಕಿದ್ದ ಅವನ ಸ್ವಂತ ಅಕ್ಕ ಕುನಿಗುಂಡ. ಊರಿನ ಬೇರನ್ನೆಲ್ಲ ಸುಟ್ಟುಹಾಕಿದರು. ಅಂದಿನಿಂದ ಊರು ಅವಳನ್ನು ‘ಬೂಷ್ಟು ಕುನಿ’ ಎಂದು ಕರೆಯಿತು, ಎದುರಿಗೆ ಬಂದರೆ ರಸ್ತೆ ದಾಟಿತು. ಮಾಳಿಗೆಯಲ್ಲಿ ನಡೆದದ್ದು ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಎಂದು ಒಟ್ಮಾರ್ ಒಂಬತ್ತು ವರ್ಷ ನಂಬಿಕೊಂಡು ಬಂದಿದ್ದ.

*

ಪರೀಕ್ಷಾಲಯಕ್ಕೆ ಬರುವ ಚೀಲಗಳ ಮೇಲೆ ಹೆಸರಿರುವುದಿಲ್ಲ, ಬರೀ ಒಂದು ಸಂಖ್ಯೆ. ಆ ಶರತ್ಕಾಲದ ಒಂದು ದಿನ ಕುನಿ ಚೀಲವನ್ನು ಉಕ್ಕಿನ ತಟ್ಟೆಗೆ ಸುರಿದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಿಬೆಲ್‌ಗೆ ತೋರಿಸುತ್ತಿದ್ದಳು.

“ಮೊದಲು ಕಣ್ಣು, ಆಮೇಲೆ ಯಂತ್ರ. ಬೂಷ್ಟು ಇರೋದು ಇರುವೆ ಗೂಡಿನ ಹಾಗೆ, ಅಲ್ಲೊಂದು ಇಲ್ಲೊಂದು. ನಿನ್ನ ಹಿಡಿಗೆ ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಅದಕ್ಕೇ ಎಲ್ಲಾನೂ ಪುಡಿ ಮಾಡಿ ಕಲಸೋದು.”

“ಸರಿ ಅಬ್ಲಾ.” ಸಿಬೆಲ್‌ಳ ತುರ್ಕಿ ಮನೆಮಾತಿನಲ್ಲಿ ಅಬ್ಲಾ ಎಂದರೆ ಅಕ್ಕ. ಮೊದಲ ವಾರ ‘ಶ್ರೀಮತಿ’ ಎಂದು ಕರೆದದ್ದಕ್ಕೆ, “ನಂಗೆ ಮದುವೇನೇ ಆಗಿಲ್ಲ, ನೀನೇ ಗಂಡು ಹುಡುಕ್ತೀಯಾ?” ಎಂದು ಕುನಿ ನಕ್ಕಿದ್ದಳು. ಅಲ್ಲಿಂದ ಅಬ್ಲಾ.

ಸಿಪ್ಪೆ ಸುಲಿದ ಬೇರು, ಗೇಣುದ್ದ, ಸೀಮೆಸುಣ್ಣದಷ್ಟು ಬಿಳುಪು. ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಕುನಿಯ ಕೈ ನಿಂತಿತು. ಅವಳು ಚಿಮಟ ತೆಗೆದುಕೊಂಡು ಬೇರಿನ ಸೀಳಿನಿಂದ ಒಂದು ಕರಿ ಕೂದಲನ್ನು ಎತ್ತಿದಳು. ಆಮೇಲೆ ಇನ್ನೊಂದು.

“ಇಲಿ ಕೂದಲಾ?”

“ಇಲಿಯಲ್ಲ, ಹಂದಿ. ಬ್ರಶ್ಶಿಂದ ಬಂದಿರೋದು.” ಕುನಿ ಸ್ಟೂಲಿನ ಮೇಲೆ ಕುಕ್ಕರಿಸಿದಳು. “ಮಣ್ಣು ಹೋಗೋಕೆ ನೀರಲ್ಲಿ ತೊಳೀತಾರೆ, ಆಮೇಲೆ ಸುಲೀತಾರೆ. ಸುಲಿದು ಒಣಗಿದ್ದನ್ನ ಬ್ರಶ್ ಹಾಕಿ ಯಾಕೆ ತಿಕ್ತಾರೆ, ಹೇಳು?”

ಸಿಬೆಲ್ ಯೋಚಿಸಿದಳು. “ಬೂಷ್ಟು ಬಂದಿದ್ರೆ?”

“ಹೂಂ.” ಅವಳು ಕೂದಲನ್ನು ದೀಪದ ಹತ್ತಿರ ಹಿಡಿದಳು. ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಅರಗಿನ ಮಣಿ. “ಭಾನುವಾರ ಅಪ್ಪ ಚರ್ಚಿಗೆ ಹೊರಡೋ ಮುಂಚೆ ಅವರ ಕೋಟು ತಿಕ್ಕೋದು ನನ್ನ ಕೆಲಸ ಆಗಿತ್ತು. ಉದುರಿದ ಕೂದಲು ಒಂದೊಂದಾಗಿ ಹೆಕ್ಕೋದೂ ನಂದೇ. ಇದು ನಮ್ಮನೇದು ಕಣೇ.”

ಅವಳು ಎದ್ದು ಕೈಗವಸು ತೆಗೆದಳು. “ಇದನ್ನ ಮೊದಲಿಂದ ನೀನೇ ಮಾಡು. ನಾನು ಮುಟ್ಟಲ್ಲ. ಹಾಳಾದ್ದು, ಏನೂ ಸಿಗದೇ ಇದ್ರೆ ಸಾಕು.”

ಸಿಬೆಲ್ ಪುಡಿ ಮಾಡಿದಳು, ದ್ರಾವಣದಲ್ಲಿ ಕಲಕಿದಳು, ಸೋಸಿದಳು. ನೇರಳೆ ದೀಪದ ಕೆಳಗೆ ನೀಲಿ ಹೊಳಪು ಎದ್ದಿತು. ಯಂತ್ರವೂ ಅದನ್ನೇ ಹೇಳಿತು. ಮತ್ತೊಮ್ಮೆ ಮಾಡಿದಳು, ಮತ್ತೆ ಅದೇ.

“ಮಕ್ಕಳ ಕೆಮ್ಮಿನ ಕಷಾಯಕ್ಕೆ ಹೋಗೋದು ಇದು,” ಎಂದಳು ಕುನಿ. “ಬರೆದು ಕೊಡು, ಸಹಿ ಹಾಕ್ತೀನಿ.”

“ಕೂದಲಿನ ವಿಷಯ?”

“ವಿಷ ಎಷ್ಟಿದೆ ಅಂತ ಕೇಳಿದಾರೆ. ಯಾರು ತಿಕ್ಕಿದ್ರು ಅಂತ ಕೇಳಿಲ್ಲ.”

“ಆದ್ರೆ ಅಬ್ಲಾ, ಅದು ಮೋಸ ಅಲ್ವಾ?”

“ಮೋಸಾನೇ. ತಪ್ಪಿ ಬೂಷ್ಟು ಬಂದ್ರೆ ನಷ್ಟ, ತಿಕ್ಕಿ ಮಾರಿದ್ರೆ ಜೈಲು. ನನ್ನ ತಮ್ಮನ ಮಗಳಿಗಿನ್ನೂ ಹಾಲುಹಲ್ಲು ಬಿದ್ದಿಲ್ಲ.” ಕುನಿ ಕೂದಲುಗಳನ್ನು ಕರವಸ್ತ್ರದಲ್ಲಿ ಸುತ್ತಿದಳು. “ನೀನು ಯಾರಿಗೂ ಹೇಳಕೂಡದು. ಅವನೇ ಬಂದು ಹೇಳ್ತಾನೆ. ಚಿಕ್ಕೋನಿದ್ದಾಗಲೂ ಹಂಗೇ, ಪಾತ್ರೆ ಒಡೆದ್ರೆ ಸಂಜೆವರೆಗೂ ಮುಖ ಊದಿಸ್ಕೊಂಡು ಆಮೇಲೆ ಬಂದು ಹೇಳ್ತಿದ್ದ.”

*

ಸ್ಮಶಾನದ ಪ್ರಾರ್ಥನಾ ಕೋಣೆಯ ಮುಂದೆ ಜನ ಕಾಲು ಬದಲಿಸುತ್ತ ನಿಂತಿದ್ದರು. ಫೆಬ್ರವರಿಯ ನೆಲ ಮೇಲೆ ಕೆಸರು, ಒಳಗೆ ಕಲ್ಲು. ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು.

“ಎದೆನೋವಂತೆ. ಮೆಟ್ಟಿಲ ಮೇಲೇ ಬಿದ್ದಿದ್ಲಂತೆ,” ಎಂದ ಬರ್ಖಾರ್ಡ್. ಹೆಗಲು ಕೊಡುವ ನಾಲ್ವರಲ್ಲಿ ಅವನೇ ಮುಂದಿನವನು, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಬೇರು ಬೆಳೆಯುವವನು.

“ಯಾರಿಗೂ ಗೊತ್ತಾಗ್ಲಿಲ್ವಾ?” ಅಪೊಲೋನಿಯಾ ಅತ್ತೆ ಕೇಳಿದಳು. ತೊಂಬತ್ತು ದಾಟಿದ ಆಕೆ ಒಟ್ಮಾರನ ಅಪ್ಪನ ತಂಗಿ. ಕಿವಿ ಮಂದ, ನಾಲಗೆ ಚುರುಕು.

“ಅವಳ ಮನೆ ಕೆಳಗಿನ ಬೇಕರಿಯೋಳಿಗೆ ಅವಳು ದಿನಾ ತಗೊಳ್ಳೋ ಬನ್ನು ಹಾಗೇ ಉಳಿದಿದ್ದು ಕಾಣಿಸ್ತಂತೆ. ಬೇರೆ ಕಡೆ ತಗೊಂಡಿರ್ತಾಳೆ ಅಂದ್ಕೊಂಡ್ಲಂತೆ.”

“ಇನ್ನೆಲ್ಲಿ ತಗೋತಾಳೆ? ಊರಲ್ಲಿರೋದೇ ಒಂದು ಬೇಕರಿ!”

ಕೊನೆಗೆ ಪಟ್ಟಣದಿಂದ ಸಿಬೆಲ್ ಬಂದು ಬಾಗಿಲು ಬಡಿದು, ಬೀಗದವನನ್ನು ಕರೆಸಿದ್ದಳು. ಅಷ್ಟು ಹೊತ್ತಿಗೆ ಎರಡು ದಿನವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಮ್ಮೂರು ಹಾಗೆ.

“ನಾನಂತೂ ಒಟ್ಮಾರ್ ಮುಖ ನೋಡಿ ಹೆಗಲು ಕೊಡ್ತಿರೋದು,” ಬರ್ಖಾರ್ಡ್ ಗೊಣಗಿದ. ಒಂದು ಕಾಲದಲ್ಲಿ ಸುಗ್ಗಿಯ ಕುಣಿತದಲ್ಲಿ ಕುನಿಯ ಕೈ ಬಿಡದೆ ಕುಣಿದವನು ಅವನೇ. “ಆ ವರ್ಷ ಅವಳು ನಮ್ಮ ಹೊಟ್ಟೆ ಮೇಲೆ ಹೊಡೆದ್ಲು.”

“ಇನ್ನೊಂದು ಮೂಟೆಯಿಂದ ಒಂದು ಹಿಡಿ ತಗೊಂಡಿದ್ರೆ ಅವಳ ಗಂಟೇನು ಹೋಗ್ತಿತ್ತು? ಒಡಹುಟ್ಟಿದೋನು ಅಂತಾನೂ ಬೇಡ್ವಾ?” ಅತ್ತೆ ಕೇಳಿದಳು.

“ಮನೆ ತಮ್ಮನ ಪಾಲಿಗೆ ಹೋಯ್ತಲ್ಲ ಅತ್ತೆ. ಆ ಹೊಟ್ಟೆಕಿಚ್ಚು.”

ರೈನ್‌ಹಿಲ್ಡ ನೆಲ ನೋಡುತ್ತ ನಿಂತಿದ್ದಳು. ಒಟ್ಮಾರ್ ಕಟ್ಟನ್ನು ಎದೆಗೊತ್ತಿಕೊಂಡು ಬಂದಾಗ ಗುಂಪಿನಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ತಂದಿದ್ದಾನೆ. ಕ್ಷಮಿಸಿದ್ದಾನೆ. ಪಾದ್ರಿ ಅವನ ಭುಜ ತಟ್ಟಿದರು.

“ಕಟ್ಟು ಯಾರು ಹೊರೋದು?” ಎಂದರು. ಸತ್ತವರ ಪಕ್ಕದಲ್ಲಿ ಕೆಲಸ ಮಾಡಿದವರೇ ಅದನ್ನು ಗುಂಡಿಯ ತನಕ ಹೊರಬೇಕು. ತೋಟದವರು ಸತ್ತರೆ ಪಕ್ಕದ ತೋಟದವರು ಹೊರುತ್ತಾರೆ.

“ಅವಳ ಜತೆ ಕೆಲಸ ಮಾಡಿದೋಳು ನಾನು,” ಎಂದಳು ಸಿಬೆಲ್.

“ಇವಳು ನಮ್ಮ ಧರ್ಮದೋಳಲ್ವಲ್ಲ,” ಅಪೊಲೋನಿಯಾ ಅತ್ತೆ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

“ಕಟ್ಟಿಗೆ ತೀರ್ಥ ಆಗಿದೆ ಅತ್ತೆ, ಹೊರೋರಿಗೆ ಬೇಕಿಲ್ಲ,” ಎಂದರು ಪಾದ್ರಿ.

ಸಿಬೆಲ್ ಕಟ್ಟನ್ನು ತೆಗೆದುಕೊಳ್ಳಲಿಲ್ಲ. ಒಟ್ಮಾರನನ್ನು ನೋಡಿ, “ಅದಕ್ಕೆ ಮುಂಚೆ ನಿಮ್ಮ ಹತ್ರ ಒಂದು ಮಾತು,” ಎಂದಳು.

ಇಬ್ಬರೂ ಗೋಡೆಯ ಹಿಂದೆ, ಹೂವಿಗೆ ನೀರುಣಿಸುವ ಹಸಿರು ಕ್ಯಾನುಗಳನ್ನು ನೇತುಹಾಕುವ ನಲ್ಲಿಯ ಹತ್ತಿರ ನಿಂತರು. ನಲ್ಲಿಗೆ ಹಿಮ ಕಟ್ಟದಂತೆ ಗೋಣಿ ಸುತ್ತಿತ್ತು.

“ಅಬ್ಲಾಗೆ ಗೊತ್ತಿತ್ತು,” ಎಂದಳು.

“ಏನು ಗೊತ್ತಿತ್ತು?”

“ತಿಕ್ಕಿದ್ದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಒಟ್ಮಾರನ ಕೈ ತನ್ನಷ್ಟಕ್ಕೆ ಕೋಟಿನ ತೋಳನ್ನು ಒರೆಸಿಕೊಂಡಿತು. “ಯಾರು ಹೇಳಿದ್ದು?”

“ಬೇರಲ್ಲಿ ಕೂದಲು ಸಿಕ್ತು. ಬುಡದಲ್ಲಿ ಕೆಂಪು ಅರಗು. ನಾನೇ ನೋಡಿದೀನಿ. ನಾನು ಅವತ್ತೇ ಹೇಳ್ಬಿಡ್ತೀನಿ ಅಂದೆ. ಬೇಡ, ಅವನೇ ಬರ್ತಾನೆ ಅಂದ್ರು. ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಕೇಕು ಜಾಸ್ತಿ ಮಾಡೋರು. ಈ ಸಲ ಬರ್ತಾನೆ ನೋಡು, ಅನ್ನೋರು. ಜನವರೀಲಿ ಆ ಕೇಕು ನಾವು ಪರೀಕ್ಷಾಲಯದಲ್ಲಿ ತಿಂತಿದ್ವಿ.”

ಒಟ್ಮಾರ್ ಗೋಡೆಯ ಮೂಲೆಯಿಂದ ಜನರತ್ತ ಇಣುಕಿದ. “ಈಗೇನು ಮಾಡ್ಬೇಕು ಅಂತೀರಿ?”

“ಒಂದೇ ಮಾತು. ಮಣ್ಣು ಬೀಳೋ ಮುಂಚೆ. ತಪ್ಪು ಅವಳದಲ್ಲ, ನಂದು ಅಂತ. ಇಷ್ಟು ವರ್ಷದ ಮೇಲೆ ನಿಮ್ಮನ್ನ ಯಾರೂ ಜೈಲಿಗೆ ಕಳಿಸಲ್ಲ.”

“ನಾನು ಹೇಳ್ದೇ ಇದ್ರೆ? ನೀವು ಹೇಳ್ತೀರಾ?”

“ಇಲ್ಲ. ಮಾತು ಕೊಟ್ಟಿದೀನಿ. ನಿಮ್ಮ ಬಾಯಿಂದಲೇ ಬರ್ಬೇಕು ಅಂದಿದ್ರು.”

ಒಟ್ಮಾರನಿಗೆ ಮೊದಲು ಆದದ್ದು ಸಮಾಧಾನ. ಇವಳು ಹೇಳುವುದಿಲ್ಲ. ಆ ಸಮಾಧಾನಕ್ಕೆ ಅವನಿಗೇ ಹೇಸಿಗೆಯಾಯಿತು. ಆದರೂ ಆದದ್ದು ಸಮಾಧಾನವೇ.

*

ಒಂಬತ್ತು ವರ್ಷದ ಹಿಂದೆ, ಸುಡಬೇಕಾದ ಬೇರು ಹೊತ್ತು ಲಾರಿ ಹೋದ ಮರುದಿನ ಒಟ್ಮಾರ್ ಬೇಕರಿಯ ಮೇಲಿನ ಅಕ್ಕನ ಮನೆಗೆ ಹೋಗಿದ್ದ. ಪ್ಲಮ್ ಹಣ್ಣಿನ ಕೇಕು ಕೊಯ್ದು ಅವಳು ಎದುರಿಗಿಟ್ಟಳು. ಅವನು ಮುಟ್ಟಲಿಲ್ಲ.

“ನೀನು ಇನ್ನೊಂದು ಮೂಟೆ ನೋಡ್ಬೇಕಿತ್ತು ಅಕ್ಕ. ಎಲ್ಲರೂ ಹಂಗೇ ಅಂತಿದಾರೆ.”

“ಹತ್ತು ಮೂಟೆಯಿಂದ ಹತ್ತು ಒಳ್ಳೇ ಬೇರು ನಾನೂ ಹೆಕ್ಕಿ ಕೊಡಬಲ್ಲೆ. ಮಗು ಕುಡಿಯೋದು ಹನ್ನೊಂದನೇದಾದ್ರೆ?”

“ಬೇರು ಎಲ್ಲಾ ಬೆಳ್ಳಗೆ ಇತ್ತು. ನಾನೇ ನೋಡಿದೀನಿ. ಒಂದು ಚುಕ್ಕೆ ಇರ್ಲಿಲ್ಲ.”

ಕುನಿ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು. ಅವಳ ಮೂಗು ಕೆಂಪಾಗಿತ್ತು. ನೆಗಡಿ ಇರಬೇಕೆಂದು ಅವನು ತಿಳಿದ. “ಬೂಷ್ಟು ತಿಕ್ಕಿದ್ರೆ ಹೋಗುತ್ತೆ ಒಟ್ಮಾರ್. ವಿಷ ಹೋಗಲ್ಲ. ಅದು ಒಳಗೇ ಕೂತಿರುತ್ತೆ.”

ಪರೀಕ್ಷಾಲಯದ ಪಾಠ ಹೇಳುತ್ತಿದ್ದಾಳೆ ಎಂದು ಅವನಿಗೆ ರೇಗಿತು. “ನಂಗೆ ಬೇರಿನ ವಿಷಯ ಕಲಿಸ್ಬೇಡ. ನೀನು ಬಸ್ ಹತ್ತಿ ಪಟ್ಟಣಕ್ಕೆ ಹೋದೋಳು, ಮಣ್ಣಲ್ಲಿ ಉಳಿದೋನು ನಾನು.”

“ಸರಿ. ನೀನೇ ಹೇಳು. ಇನ್ನೇನಾದ್ರೂ ಹೇಳೋದಿದ್ಯಾ?”

“ಏನಿದೆ ಹೇಳೋಕೆ?”

“ಏನೂ ಇಲ್ವಾ, ತಮ್ಮಾ?”

“ಇಲ್ಲ.”

ಅವಳು ಕೇಕನ್ನು ಕಾಗದದಲ್ಲಿ ಸುತ್ತಿ ಮಗಳಿಗೆಂದು ಅವನ ಕೈಗಿಟ್ಟಳು. ಅವನು ಅದನ್ನು ಕೆಳಗಿನ ಬೇಕರಿಯ ಕಿಟಕಿಯ ಮೇಲೆ ಎಲ್ಲರಿಗೂ ಕಾಣುವಂತೆ ಬಿಟ್ಟು ಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಒಟ್ಮಾರ್ ಅಕ್ಕನ ಕೇಕನ್ನೂ ಮುಟ್ಟಲಿಲ್ಲ, ಪಾಪ, ಅಷ್ಟು ನೊಂದಿದ್ದಾನೆ.

ಆಮೇಲಿನ ಒಂಬತ್ತು ವರ್ಷ ಕುನಿ ಅದೇ ಬಸ್ಸಿನಲ್ಲಿ ಹೋದಳು, ಅದೇ ಬಸ್ಸಿನಲ್ಲಿ ಬಂದಳು. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತಳು. ಅವಳ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಒಮ್ಮೆ ಆಗಸ್ಟಿನ ಹಬ್ಬಕ್ಕೆ ತಾನೂ ಒಂದು ಕಟ್ಟು ಮಾಡಿ ತಂದಿದ್ದಳು. ಹೆಂಗಸರು ತಮ್ಮ ಕಟ್ಟುಗಳನ್ನು ಒತ್ತೊತ್ತಾಗಿ ಇಟ್ಟು ಪೀಠದ ಮೇಲೆ ಜಾಗವೇ ಬಿಡಲಿಲ್ಲ. ಅದನ್ನು ಕೈಯಲ್ಲೇ ಹಿಡಿದು ನಿಂತು, ಕೈಯಲ್ಲೇ ಹಿಡಿದು ಮನೆಗೆ ಹೋದಳು.

*

ಪೆಟ್ಟಿಗೆ ಹಗುರವಾಗಿತ್ತು. ಬರ್ಖಾರ್ಡ್ ಹೆಗಲು ಕೊಟ್ಟವನೇ ಬೆಚ್ಚಿ ಪಕ್ಕದವನನ್ನು ನೋಡಿದ. ಮುಂದೆ ಶಿಲುಬೆ, ಅದರ ಹಿಂದೆ ಪಾದ್ರಿ, ಆಮೇಲೆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ ಸಿಬೆಲ್.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳ ಮೂಗಿಗೆ ಹತ್ತಿತು. ಪುದೀನ, ಮಾಚಿಪತ್ರೆಗಳ ಕೆಳಗೆ ಆ ಇನ್ನೊಂದು ವಾಸನೆ. ಹತ್ತಿರಹತ್ತಿರ ಹತ್ತು ವರ್ಷ ಅದನ್ನೇ ಮೂಸಿಕೊಂಡು ಬದುಕಿದವಳಿಗೆ ತಪ್ಪುವ ಮಾತೇ ಇಲ್ಲ. ನಡೆಯುತ್ತಲೇ ಹೆಬ್ಬೆರಳಿನಿಂದ ನೀಲಿ ಪಟ್ಟಿಯ ಬಳಿ ಸರಿಸಿ ನೋಡಿದಳು. ಹೂಕೋಲು ಶುಭ್ರವಾಗಿತ್ತು, ಅತಿ ಶುಭ್ರ. ಅದರ ಸೀಳಿನಲ್ಲಿ ಒಂದು ಕರಿ ಕೂದಲು ನಿಂತಿತ್ತು, ಬುಡದಲ್ಲಿ ಕೆಂಪು ಮಣಿ.

ಅವಳ ಹೆಜ್ಜೆ ತಪ್ಪಿತು. ಹಿಂದೆ ಬರುತ್ತಿದ್ದ ಒಟ್ಮಾರ್ ಅದನ್ನು ಕಂಡ.

ಗುಂಡಿಯ ಮೇಲೆ ಹಲಗೆ ಹಾಕಿ ಪೆಟ್ಟಿಗೆ ಇಟ್ಟರು. ಪಾದ್ರಿ ಪ್ರಾರ್ಥನೆ ಮುಗಿಸಿ ತೀರ್ಥ ಚಿಮುಕಿಸಿದರು. ಆಮೇಲೆ ಒಟ್ಮಾರನ ಕಡೆ ತಿರುಗಿ, “ಮನೆಯವರು ಏನಾದ್ರೂ ಹೇಳ್ತೀರಾ?” ಎಂದರು.

ಒಟ್ಮಾರ್ ಮುಂದೆ ಬಂದ. ಊರೆಲ್ಲ ಎದುರಿಗಿತ್ತು. ಅಪೊಲೋನಿಯಾ ಅತ್ತೆ ಕಿವಿಗೆ ಕೈ ಆನಿಸಿಕೊಂಡಳು. ಸಿಬೆಲ್ ಅವನ ಬಾಯನ್ನೇ ನೋಡುತ್ತಿದ್ದಳು.

“ನಮ್ಮಕ್ಕ,” ಎಂದ. “ನಮ್ಮಕ್ಕ ಕೆಟ್ಟೋಳಲ್ಲ. ಆ ವರ್ಷ… ಆ ವರ್ಷದ ಬೇರು…”

ಬರ್ಖಾರ್ಡ್ ತಲೆ ಎತ್ತಿದ. ರೈನ್‌ಹಿಲ್ಡ ಗಂಡನ ಕೋಟಿನ ತುದಿಯನ್ನು ಹಿಂದಿನಿಂದ ಹಿಡಿದುಕೊಂಡಳು, ಬಲವಾಗಿಯೇನಲ್ಲ.

“ಆ ವರ್ಷ ಅವಳಿಂದ ನಿಮಗೆಲ್ಲ ನೋವಾಯ್ತು,” ಎಂದ ಒಟ್ಮಾರ್. “ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಮನಸ್ಸಲ್ಲಿ ಇಟ್ಕೋಬೇಡಿ.”

ಹೆಂಗಸರು ಕರವಸ್ತ್ರ ತೆಗೆದರು. ಎಂಥ ದೊಡ್ಡ ಮನಸ್ಸು, ಎಂದು ಯಾರೋ ಅಂದರು. ಪಾದ್ರಿ ಕೂಡ ತಲೆದೂಗಿದರು. ಅವಳು ಬದುಕಿದ್ದಾಗ ಹೊತ್ತ ಅಪವಾದವನ್ನೇ ಈಗ ಹೆಣದ ಮೇಲೂ ಹೊರಿಸಿದ್ದು ಅಲ್ಲಿದ್ದ ಮೂವರಿಗೆ ಮಾತ್ರ ಗೊತ್ತಿತ್ತು.

ಸಿಬೆಲ್ ಬಗ್ಗಿ ಕಟ್ಟನ್ನು ಪೆಟ್ಟಿಗೆಯ ಮೇಲಿಟ್ಟಳು. ಇಡುವ ಮೊದಲು ಎರಡು ಬೆರಳಲ್ಲಿ ಏನನ್ನೋ ಅದರಿಂದ ಎಳೆದುಕೊಂಡಳು. ಎದ್ದು ನೇರವಾಗಿ ಒಟ್ಮಾರನ ಹತ್ತಿರ ಬಂದು, ಅವನ ಬಲಗೈ ಬಿಡಿಸಿ, ಅದನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ಸಮಾಧಾನ ಹೇಳುತ್ತಿದ್ದಾಳೆ ಎಂದೇ ಜನ ತಿಳಿದರು.

ಒಟ್ಮಾರನಿಗೆ ನೋಡಬೇಕಾಗಿರಲಿಲ್ಲ. ಚುಚ್ಚಿದ್ದರಲ್ಲೇ ಗೊತ್ತಾಯಿತು.

ಹಗ್ಗ ಸಡಿಲಿಸಿದರು. ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಮಣ್ಣು ತಮ್ಮನದು. ಅವನು ಪುಟ್ಟ ಸಲಿಕೆಯನ್ನು ಎಡಗೈಯಲ್ಲಿ ಹಿಡಿದ. ಮಣ್ಣು ಅರ್ಧ ಗುಂಡಿಗೆ, ಅರ್ಧ ಅವನ ಬೂಟಿಗೆ ಬಿತ್ತು. ಹೆಪ್ಪುಗಟ್ಟಿದ ಹೆಂಟೆ ಮುಚ್ಚಳಕ್ಕೆ ಬಡಿದು ಬಾಗಿಲು ತಟ್ಟಿದ ಸದ್ದಾಯಿತು.

ಆಮೇಲೆ ಜನ ಸಾಲಾಗಿ ಬಂದು ಮನೆಯವರ ಕೈ ಕುಲುಕುವುದು ನಮ್ಮ ಪದ್ಧತಿ. ಮೊದಲು ಬರ್ಖಾರ್ಡ್ ಬಂದ. “ಕೈ ಕೊಡೋ ಒಟ್ಮಾರ್. ಅವಳದ್ದು ಅವಳ ಜತೆ ಮಣ್ಣಾಯ್ತು. ನಿನ್ನ ಮೇಲೆ ನಮಗೇನೂ ಇಲ್ಲ.”

ಒಟ್ಮಾರ್ ಎಡಗೈ ಕೊಟ್ಟ.

“ಬಲಗೈಗೇನಾಯ್ತು?”

“ಸೆಟೆದುಕೊಂಡಿದೆ. ಚಳಿ.”

“ಏಣಿ ಹತ್ತಿ ಉಳುಕಿಸ್ಕೊಂಡಿರ್ತಾನೆ,” ಎಂದಳು ಅಪೊಲೋನಿಯಾ ಅತ್ತೆ, ಅವನ ಮುಷ್ಟಿಯನ್ನು ಸವರುತ್ತ. “ಅಕ್ಕನ ಕಟ್ಟಿಗೋಸ್ಕರ. ದೇವರು ಒಳ್ಳೇದು ಮಾಡ್ಲಿ ಮಗಾ.”

ಸಾಲು ಮುಗಿಯುವವರೆಗೂ ಅವನು ಎಡಗೈಯನ್ನೇ ಕೊಟ್ಟ. ಜನ ಗೇಟಿನ ಕಡೆ ನಡೆದರು. ಹೋಟೆಲಿನಲ್ಲಿ ಸೂಪು, ಬೇಯಿಸಿದ ಮಾಂಸ, ಮೂಲಂಗಿ ಗೊಜ್ಜು ಕಾಯುತ್ತಿತ್ತು. ಯಾರೋ ಆಗಲೇ ಸಣ್ಣಗೆ ನಕ್ಕರು.

ಕೊನೆಯವಳು ಸಿಬೆಲ್. ಅವಳು ಬಲಗೈ ಚಾಚಿದಳು. ಅವನು ಎಡಗೈ ಮುಂದೆ ಮಾಡಿದ. ಅವಳು ಅದನ್ನು ಹಿಡಿಯಲಿಲ್ಲ, ತನ್ನ ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ.

“ಬಾರೋ, ಸೂಪ್ ಆರುತ್ತೆ!” ಗೇಟಿನಿಂದ ಬರ್ಖಾರ್ಡ್ ಕೂಗಿದ. ಹೊಸ ಸ್ನೇಹದ ದನಿ. ಒಂಬತ್ತು ವರ್ಷದ ಹೊರೆ ಇಳಿಸಿದವನ ದನಿ.

ಒಟ್ಮಾರ್ ಗೇಟಿನ ಕಡೆ ನೋಡಿದ. ಆಮೇಲೆ ಸ್ವಲ್ಪ ಪಕ್ಕಕ್ಕೆ ತಿರುಗಿ ಮುಷ್ಟಿ ಬಿಚ್ಚಿ, ಅಂಗೈಯನ್ನು ಕೋಟಿಗೆ ಒಂದು ಸಲ, ಇನ್ನೊಂದು ಸಲ, ಮೇಲಿನಿಂದ ಕೆಳಕ್ಕೆ ಪುಟ್ಟ ಎಳೆತದಲ್ಲಿ ಒರೆಸಿಕೊಂಡ. ಕೂದಲು ಕೆಸರಿಗೆ ಬಿತ್ತು. ಅವನು ಬಲಗೈಯನ್ನು ಅವಳ ಮುಂದೆ ಚಾಚಿದ.

ಸಿಬೆಲ್ ತಟ್ಟೆಯ ಮೇಲಿನ ಬೇರನ್ನು ನೋಡುವ ಹಾಗೆ ಆ ಅಂಗೈಯನ್ನು ನೋಡಿದಳು. ಶುಭ್ರವಾಗಿತ್ತು. ನಟ್ಟನಡುವೆ, ಕೂದಲು ಒತ್ತಿದ್ದ ಜಾಗದಲ್ಲಿ, ಒಂದು ಸಣ್ಣ ಕೆಂಪು ಗೆರೆ ಹಾಗೇ ಇತ್ತು.